ನಾಲ್ಕು ಮೈಕು, ಒಂದು ಕಿವಿ

ಮೊದಲು ನಾನು ಬೈದದ್ದು ಫೋನನ್ನು. ರಾಯದುರ್ಗದ ನಮ್ಮ ಶಾಲೆಯಲ್ಲಿ ಎರಡನೇ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದಿದ್ದೆ. ಅಕ್ಕನ ಫೋನು ಬಂತು. ಎತ್ತಿ ಎಡಗಿವಿಗೆ ಇಟ್ಟುಕೊಂಡರೆ ಅತ್ತ ಕಡೆಯಿಂದ ಏನೂ ಇಲ್ಲ. ಹಲೋ ಹಲೋ ಎಂದು ಕೂಗಿದೆ. ಸಿಗ್ನಲ್ ಇಲ್ಲವೇನೋ ಎಂದು ಕಿಟಕಿಯ ಹತ್ತಿರ ಹೋದೆ. ಕಟ್ ಮಾಡೋಣವೆಂದು ಫೋನನ್ನು ಮುಖದ ಮುಂದೆ ತಂದಾಗ ಅದರೊಳಗಿಂದ ಅಕ್ಕನ ಧ್ವನಿ ಸಣ್ಣಗೆ ಬರುತ್ತಿತ್ತು. ಬಲಗಿವಿಗೆ ಇಟ್ಟೆ, ಎಲ್ಲ ಕೇಳಿತು. ಮತ್ತೆ ಎಡಗಿವಿಗೆ ಇಟ್ಟೆ. ಏನೂ ಇಲ್ಲ. ಅಕ್ಕ ಏನೋ ಕೇಳುತ್ತಲೇ ಇದ್ದಳು. ನಾನು ಉತ್ತರ ಕೊಡದೆ ಫೋನನ್ನು ಈ ಕಿವಿಗೂ ಆ ಕಿವಿಗೂ ಬದಲಾಯಿಸುತ್ತ ನಿಂತಿದ್ದೆ.

ಗುಗ್ಗೆ ಕಟ್ಟಿರಬೇಕು ಎಂದುಕೊಂಡು ಮೆಡಿಕಲ್ ಅಂಗಡಿಯಿಂದ ಹನಿ ಔಷಧಿ ತಂದು ಹಾಕಿಕೊಂಡೆ. ಹತ್ತು ದಿನ ಹಾಗೇ ಕಳೆದೆ. ಆ ಹತ್ತು ದಿನಕ್ಕೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಒಂದು ದಿನ ನನ್ನ ಹೆಂಡತಿ ಅಡುಗೆಮನೆಯಿಂದ ಎದ್ದು ಬಂದು ನನ್ನ ಭುಜ ಅಲುಗಿಸಿದಳು.

"ಯಾಕ್ರಿ, ಆಗ್ಲಿಂದ ಕರ್ಯಾಕತ್ತೀನಿ, ಓ ಅನ್ನವಲ್ರಿ. ಹಿಂಗ ಬಿಟ್ರೆ ಆಗಂಗಿಲ್ಲ. ನಾಳೆ ಬಳ್ಳಾರಿಗೆ ಹೋಗಾಣ, ರಜಾ ಬರ್ದು ಕೊಡ್ರಿ."

ಬಳ್ಳಾರಿಯ ಕಿವಿ ಡಾಕ್ಟರು ವಯಸ್ಸಾದವರು, ಮೃದು ಮಾತಿನವರು. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿಸಿದರು. ಎಡಗಿವಿಯ ನರಕ್ಕೇ ಪೆಟ್ಟು ಬಿದ್ದಿದೆ ಎಂದರು. ಕೆಲವರಿಗೆ ಹೀಗೆ ಇದ್ದಕ್ಕಿದ್ದಂತೆ ಆಗುತ್ತದೆ, ಯಾಕೆಂದು ಗೊತ್ತಾಗುವುದೇ ಇಲ್ಲ. ಮೊದಲ ಎರಡು ಮೂರು ದಿನದಲ್ಲೇ ಬಂದಿದ್ದರೆ ಚೆನ್ನಾಗಿತ್ತು. ಮಾತ್ರೆ ಕೊಟ್ಟರು, ಕಿವಿಯೊಳಕ್ಕೆ ಸೂಜಿ ಚುಚ್ಚಿದರು. ಏನೂ ಮರಳಲಿಲ್ಲ. ಬದಲಿಗೆ ತಲೆಯ ಎಡಭಾಗದಲ್ಲಿ ಸೊಂಯ್ ಎನ್ನುವ ಒಂದು ಸದ್ದು ಸೇರಿಕೊಂಡಿತು. ಗದ್ದಲದಲ್ಲಿ ಅದು ಅಡಗಿರುತ್ತಿತ್ತು, ಕೋಣೆ ನಿಶ್ಶಬ್ದವಾದ ಕೂಡಲೇ ಬರುತ್ತಿತ್ತು.

ಆ ಚಿಕಿತ್ಸೆಗೆ ಕೊನೆಯ ಸಲ ಹೋದಾಗ ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ. "ಬಲಗಿವಿಗೂ ಹೀಗಾಗಬಹುದಾ ಡಾಕ್ಟ್ರೇ?"

"ಸಾಮಾನ್ಯವಾಗಿ ಆಗಲ್ಲ," ಎಂದರು. ಆಮೇಲೆ ಕಾಗದದ ಮೇಲೆ ಏನೋ ಬರೆಯುತ್ತ, "ಆದ್ರೆ ಗ್ಯಾರಂಟಿ ಹೇಳಕ್ಕೂ ಆಗಲ್ಲ ನೋಡಿ," ಎಂದರು.

ಅವರು ಪ್ರಾಮಾಣಿಕವಾಗಿ ಹೇಳಿದರು. ಆದರೆ ಆ ದಿನದಿಂದ ನಾನು ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬಲಗಿವಿಯ ಪಕ್ಕ ಬೆರಳುಗಳನ್ನು ಉಜ್ಜಿ ನೋಡತೊಡಗಿದೆ. ಚರಚರ ಎಂದರೆ ಏಳುತ್ತಿದ್ದೆ. ಪಕ್ಕಕ್ಕೆ ಹೊರಳಿ ಮಲಗಿ ಬಲಗಿವಿ ದಿಂಬಿಗೆ ಒತ್ತಿಕೊಂಡಿದ್ದರೆ, ಎಚ್ಚರವಾದ ಆ ಒಂದು ಕ್ಷಣ ಜಗತ್ತಿನಲ್ಲಿ ಏನೂ ಇರುತ್ತಿರಲಿಲ್ಲ, ಎದೆ ಬಡಿತವೊಂದನ್ನು ಬಿಟ್ಟು.

ನಾನು ಪಿಟೀಲು ನುಡಿಸುತ್ತೇನೆ. ದೊಡ್ಡ ವಿದ್ವಾಂಸನಲ್ಲ. ಮಡಕಶಿರಾ ಕಡೆ ನಮ್ಮ ಹಳ್ಳಿಗೆ ಬರುತ್ತಿದ್ದ ಹರಿಕಥೆ ದಾಸರೊಬ್ಬರು ಚಿಕ್ಕಂದಿನಲ್ಲಿ ನನಗೂ ಅಕ್ಕನಿಗೂ ಕಲಿಸಿಕೊಟ್ಟರು. ನನಗೆ ಪಿಟೀಲು, ಅಕ್ಕನಿಗೆ ಹಾರ್ಮೋನಿಯಂ. ಅಕ್ಕ ಮದುವೆಯಾಗಿ ಅದೇ ಕಡೆಯ ಗುಡಿಬಂಡೆ ಹತ್ತಿರದ ಹಳ್ಳಿಗೆ ಹೋದಳು. ಭಾವನಿಗೆ ಅಲ್ಲಿ ಕೊಳವೆಬಾವಿಯ ಹೂದೋಟವಿದೆ. ಅದೃಷ್ಟಕ್ಕೆ ಅವರು ತಬಲ ನುಡಿಸುತ್ತಾರೆ. ಹೀಗಾಗಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾವು ಮೂವರು ತಿಂಗಳಿಗೊಮ್ಮೆಯಾದರೂ ಕೂತು ಭಜನೆ ಪದಗಳನ್ನು ನುಡಿಸುತ್ತ ಬಂದಿದ್ದೇವೆ. ನಾನು ರಾಯದುರ್ಗದಲ್ಲಿ ಬಸ್ಸು ಹತ್ತಿ, ಕಲ್ಯಾಣದುರ್ಗದಲ್ಲಿ ಇಳಿದು, ಪಾವಗಡದಲ್ಲಿ ಮತ್ತೆ ಬದಲಾಯಿಸಿ ಮಡಕಶಿರಾ ಸೇರಿ, ಅಲ್ಲಿಂದ ಆಟೋ ಹಿಡಿದು ಹೋಗುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಆದರೂ ತಪ್ಪಿಸಿದ್ದು ಕಡಿಮೆ.

ಕಿವಿ ಹೋದ ಮೇಲೆ ಮೊದಲ ಸಲ ಹೋದಾಗ ಯಾರಿಗೂ ಏನೂ ಹೇಳಲಿಲ್ಲ. ಹೆಂಡತಿಯಿಂದಲೂ ಮಾತು ತೆಗೆದುಕೊಂಡಿದ್ದೆ. ಹೇಳಿದರೆ ಅವರು ನನ್ನನ್ನು ನುಡಿಸಬೇಡ ಎನ್ನುವವರಲ್ಲ. ಆದರೆ ಅವತ್ತಿನಿಂದ ನನ್ನ ಪಿಟೀಲನ್ನು ಬೇರೆ ಥರ ಕೇಳಿಸಿಕೊಳ್ಳುತ್ತಾರೆ. ಆ ಮರುಕವನ್ನು ನೆನೆದೇ ನನಗೆ ಭಯವಾಗುತ್ತಿತ್ತು.

ಎಂದಿನಂತೆ ಪಡಸಾಲೆಯಲ್ಲಿ ಕೂತೆವು. ಅಕ್ಕ ನನ್ನ ಎಡಕ್ಕೆ, ಭಾವ ಬಲಕ್ಕೆ. ಪಿಟೀಲು ಎಡಗಡೆಯ ಎದೆಗೆ ಒರಗುತ್ತದೆ, ಅದರ ಸದ್ದು ಎಡಗಿವಿಗೇ ಮೊದಲು ಬರಬೇಕು. ಬಿಲ್ಲು ಎಳೆದೆ. ನನ್ನ ಪಿಟೀಲು ಪಕ್ಕದ ಮನೆಯಲ್ಲಿ ಯಾರೋ ನುಡಿಸಿದ ಹಾಗೆ ಕೇಳಿತು. ಭಾವನ ತಬಲ ಬಲಗಿವಿಯನ್ನು ಪೂರ್ತಿ ತುಂಬಿಕೊಂಡಿತು. ಅಕ್ಕನ ಹಾರ್ಮೋನಿಯಂ, ಅವಳ ದನಿ, ನನ್ನ ತಂತಿ, ಯಾವುದು ಯಾವುದೆಂದು ಬಿಡಿಸಲಾಗದೆ ಎಲ್ಲ ಒಂದೇ ಮುದ್ದೆಯಾಗಿತ್ತು. ನನ್ನ ಬೆರಳು ಸ್ವರದ ಮೇಲಿದೆಯೋ ಕೆಳಗಿದೆಯೋ ತಿಳಿಯಲಿಲ್ಲ. ಭಾವ ಒಮ್ಮೆ ತಲೆ ಎತ್ತಿ ನನ್ನ ಬೆರಳನ್ನೇ ನೋಡಿದರು. ನಾನು ತಂತಿ ಸಡಿಲವಾಗಿದೆ ಎಂದು ಬಿರಡೆ ತಿರುಗಿಸಿದೆ. ಸಡಿಲವಾಗಿರಲಿಲ್ಲ.

ಆವತ್ತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಮನೆಯಲ್ಲಿ ಹಾಕಿ ಕೇಳಿದೆ. ಫೋನಿಗೂ ನನ್ನ ಹಾಗೆ ಒಂದೇ ಕಿವಿಯೇನೋ, ಅದೇ ಮುದ್ದೆ. ಆಗಲೇ ಪ್ರತಿ ವಾದ್ಯವನ್ನು ಬೇರೆ ಬೇರೆಯಾಗಿ ಹಿಡಿದಿಡುವ ರೆಕಾರ್ಡರು ಬೇಕೆನಿಸಿದ್ದು. ಒಂದು ಮೈಕಿನದನ್ನು ಮಾತ್ರ ಕೇಳಬೇಕು, ಮಿಕ್ಕಿದ್ದನ್ನು ಮುಚ್ಚಬೇಕು. ಆಗ ನಾನು ಎಷ್ಟು ಕೆಟ್ಟಿದ್ದೇನೆ ಎಂಬುದು ಗೊತ್ತಾಗುತ್ತದೆ. ಇನ್ನೊಂದು ಕಾರಣವೂ ಇತ್ತು, ಅದನ್ನು ನನಗೆ ನಾನೇ ಜೋರಾಗಿ ಹೇಳಿಕೊಂಡಿರಲಿಲ್ಲ. ಬಲಗಿವಿಯೂ ಹೋಗುವ ಮೊದಲು ಅಕ್ಕನ ಪದಗಳನ್ನು ಒಂದೊಂದಾಗಿ, ಸಾಕೆನ್ನುವಷ್ಟು ಸಲ ಕೇಳಿಬಿಡಬೇಕು. ಹೋದ ಮೇಲೆ ಆ ಯಂತ್ರ ನನಗೆ ಕಲ್ಲಿನ ಸಮ ಎಂಬುದೂ ಗೊತ್ತಿತ್ತು.

ರಾಯದುರ್ಗದಲ್ಲಿ ಮದುವೆ, ಸಭೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವರೊಬ್ಬರಿದ್ದಾರೆ. ನನಗಿಂತ ಹಿರಿಯರು. ಅವರನ್ನೇ ಹೋಗಿ ಕೇಳಿದೆ. ತಮ್ಮ ಹತ್ತಿರ ಎರಡು ಥರದ್ದಿವೆ, ಮೂರನೆಯದನ್ನು ಬಳ್ಳಾರಿಯ ಗೆಳೆಯರ ಅಂಗಡಿಯಿಂದ ತರಿಸುತ್ತೇನೆ, ಪಿಟೀಲು ತಗೊಂಡು ಬನ್ನಿ ಎಂದರು. ಭಾನುವಾರ ಬೆಳಿಗ್ಗೆ ಹೋದೆ. ಅವರು ಶಟರ್ ಅರ್ಧ ಇಳಿಸಿ, ಫ್ಯಾನ್ ಆರಿಸಿ, ಮೇಜಿನ ಮೇಲೆ ಮೂರು ಯಂತ್ರಗಳನ್ನು ಜೋಡಿಸಿಟ್ಟಿದ್ದರು.

"ಇದು ಚಿಕ್ಕದು ಸಾರ್, ಜೇಬಿನ್ಯಾಗ ಹಿಡಿತೈತಿ. ಆದ್ರ ಎರಡೇ ಟ್ರ್ಯಾಕು. ಇದು ದೊಡ್ಡದು, ಎಂಟು ಮೈಕ್ ಹಚ್ಬೌದು. ಸೆಲ್ ಮಾತ್ರ ನೀರು ಕುಡ್ದಂಗ ಕುಡಿತೈತಿ. ಇದು ನಡುವಿಂದು, ನಾಕು ಮೈಕಿಂದು. ನೀವು ನುಡ್ಸ್ರಿ, ಕೇಳ್ರಿ. ನಿಮ್ಮ ಕಿವಿಗೆ ಯಾವುದು ಹಿಡಿಸ್ತೈತಿ ಅದನ್ನ ತಗೋರಿ."

ನಿಮ್ಮ ಕಿವಿಗೆ ಎಂದಾಗ ನಾನು ಅವರತ್ತ ನೋಡದೆ ಪಿಟೀಲಿನ ಪೆಟ್ಟಿಗೆ ಬಿಚ್ಚತೊಡಗಿದೆ.

ಒಂದು ಪದ ನುಡಿಸಿದೆ. ಅವರು ಚಿಕ್ಕದರಲ್ಲಿ ಹಿಡಿದು ಹೆಡ್‌ಫೋನ್ ಕೊಟ್ಟರು. ಹಾಕಿಕೊಂಡೆ. ಬಲಗಡೆಯದಷ್ಟೇ ಕೇಳುತ್ತಿತ್ತು. ಎಡಗಡೆ ಏನಿದೆ ಎಂದು ತಿಳಿಯಲು, ಸರಿಮಾಡಿಕೊಳ್ಳುವವನಂತೆ ನಟಿಸಿ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡೆ.

"ಸಾರ್, ಉಲ್ಟಾ ಹಾಕ್ಕೊಂಡ್ರಿ."

"ಹೌದಾ? ಗೊತ್ತಾಗಲಿಲ್ಲ," ಎಂದು ನಕ್ಕೆ. ಅವರು ನಗಲಿಲ್ಲ.

ಆಮೇಲೆ ದೊಡ್ಡದರ ಸರದಿ. ಪಿಟೀಲಿನ ಹಿಂದೆ ಸೊಂಯ್ ಎಂಬ ಸದ್ದು ಕೇಳಿತು. ಯಂತ್ರದ್ದೋ ನನ್ನದೋ? ಬಿಲ್ಲು ನಿಂತ ಜಾಗದಲ್ಲಿ, ಎರಡು ಸಾಲಿನ ನಡುವಿನ ಖಾಲಿಯಲ್ಲಿ ಅದೇ ಸದ್ದು. ನನ್ನ ತಲೆಯೊಳಗಿನದಕ್ಕೂ ಇದಕ್ಕೂ ಗೆರೆ ಎಳೆಯಲು ನನ್ನಿಂದ ಆಗಲಿಲ್ಲ. ಹೆಡ್‌ಫೋನ್ ತೆಗೆದು ಅವರ ಕೈಗೆ ಕೊಟ್ಟೆ.

"ಹಿಂದ್ಗಡೆ ಸೊಂಯ್ ಅಂತೈತಲ್ಲ, ನಿಮಗೂ ಕೇಳ್ತದೇನ್ರಿ?"

ಅವರು ಕಣ್ಣು ಮುಚ್ಚಿ ಕೇಳಿದರು. "ಹೌದ್ರಿ, ಸ್ವಲ್ಪ ಐತ್ರಿ. ಇದ್ರಾಗ ಅದೊಂದು ಇದ್ದಿದ್ದೆ."

ಎಷ್ಟು ಹಗುರವಾಯಿತೆಂದರೆ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೂರನೆಯದು, ನಾಲ್ಕು ಮೈಕಿನದು. ಅದರಲ್ಲೂ ಸೊಂಯ್. ಮತ್ತೆ ಅವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ಕೇಳಿದರು, ಸದ್ದು ಜಾಸ್ತಿ ಮಾಡಿ ಕೇಳಿದರು.

"ಇಲ್ರಿ ಸಾರ್. ಇದ್ರಾಗ ಏನೂ ಇಲ್ಲ. ಬಾಳ ಸಾಪ್ ಐತಿ."

ಅಂಗಡಿಯ ಆ ಅರೆಗತ್ತಲಲ್ಲಿ ನಾನು ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹೊರಗೆ ಜೀನ್ಸ್ ಬಟ್ಟೆಯ ಮೂಟೆ ಹೊತ್ತ ಗಾಡಿಯೊಂದು ಹಾರನ್ ಹೊಡೆಯುತ್ತ ಹೋಯಿತು. ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂದು ನನಗೆ ತಿಳಿಯಲಿಲ್ಲ. ಇವರು ನನಗೆ ನೆಂಟರಲ್ಲ, ಗೆಳೆಯರೂ ಅಲ್ಲ. ಬಹುಶಃ ಅದಕ್ಕೇ ಹೇಳಿಬಿಟ್ಟೆ. ಎಡಗಿವಿ ಹೋಗಿದೆ, ತಲೆಯಲ್ಲಿ ಸದ್ದು ಇದೆ, ಇನ್ನೊಂದೂ ಹೋಗಬಹುದು ಎಂದೆ.

ಅವರು ಅಯ್ಯೋ ಪಾಪ ಎನ್ನಲಿಲ್ಲ. ನಾಲ್ಕು ಮೈಕಿನ ಯಂತ್ರವನ್ನು ನನ್ನ ಮುಂದಕ್ಕೆ ಸರಿಸಿದರು.

"ಹಂಗಿದ್ರ ನೀವು ಕಿವಿ ನಂಬ್ಕೊಂಡು ಆರಿಸ್ಬ್ಯಾಡ್ರಿ. ಇಲ್ನೋಡ್ರಿ, ಇಲ್ಲಿ ಒತ್ತಿದ್ರ ಎರಡೂ ಕಡೀದು ಕೂಡಿ ಬಲಗಡೀನೇ ಬರ್ತೈತಿ. ಏನೂ ತಪ್ಪಂಗಿಲ್ಲ. ಮತ್ತ ಈ ನಾಕು ಬಟನ್ನು, ಯಾವುದು ಒತ್ತಿದ್ರ ಆ ಮೈಕು ಒಂದ ಕೇಳ್ತೈತಿ. ತಬಲ ಎಷ್ಟ ಜೋರು ಬಿದ್ರೂ ಸದ್ದು ಒಡಿಯಂಗಿಲ್ಲ, ಅದು ತಾನ ಹಿಡ್ಕಂತೈತಿ. ನೀವು ಏನೂ ತಿರುವದು ಬ್ಯಾಡ. ಇದನ್ನ ತಗೋರಿ."

ನಾಲ್ಕು ಮೈಕು ಸಾಕೇ ಎಂದೆ. ಯಾರ್ಯಾರು ನುಡಿಸುತ್ತೀರಿ ಎಂದು ಕೇಳಿ, ಬೆರಳು ಮಡಿಚಿದರು. ಪಿಟೀಲು, ಹಾರ್ಮೋನಿಯಂ, ತಬಲ, ಅಕ್ಕನ ದನಿ. ಎಂಟು ಮೈಕಿನದು ನಿಮಗೆ ಗೊಂದಲ ಎಂದರು. ಮೈಕುಗಳನ್ನು ತಮ್ಮವನ್ನೇ ಕೊಟ್ಟರು, ಸ್ಟ್ಯಾಂಡು ಸಮೇತ. ಮೂಲೆಗೆ ಹೋಗಿ ಮತ್ತೆ ಬಂದು, "ಸೆಲ್ ಹೊಸಾವು ಹಾಕ್ರಿ, ಮೆಮರಿ ಕಾರ್ಡ್ ಎರಡು ಇಟ್ಕೋರಿ. ಕಾರ್ಡು ಯಾವಾಗ ಕೈ ಕೊಡ್ತೈತಿ ಹೇಳಾಕ ಬರಂಗಿಲ್ಲ," ಎಂದರು. ಆಗಲೇ ಸಾಕಷ್ಟಿದ್ದ ನನ್ನ ಭಯಕ್ಕೆ ಅದೂ ಒಂದು ಸೇರಿತು.

ಆ ತಿಂಗಳು ಅಕ್ಕನ ಊರಿಗೆ ಹೊರಟಾಗ ಬಸ್ಸಿನಲ್ಲಿ ಪಿಟೀಲನ್ನು ಮೇಲಿಟ್ಟು ಯಂತ್ರದ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಹೋದೆ. ಪಾವಗಡದಲ್ಲಿ ಯಾರೋ ಎಡಗಡೆಯಿಂದ ನನ್ನನ್ನು ಏನೋ ಕೇಳಿ, ಉತ್ತರ ಬಾರದೆ ಬೈದುಕೊಂಡು ಹೋದರೆಂದು ಎದುರು ಸೀಟಿನವರ ಮುಖ ನೋಡಿ ತಿಳಿಯಿತು.

ಅಕ್ಕ ಮೈಕುಗಳನ್ನು ನೋಡಿ ಬೆರಗಾದಳು. "ಇದೇನಪ್ಪ, ರೇಡಿಯೋ ಸ್ಟೇಷನ್ನೇ ತಂದ್ಬಿಟ್ಟಿದೀಯ! ನನ್ ದನೀಗೊಂದು ಬೇರೆ ಮೈಕಾ?"

"ಬಾಮೈದ ದೊಡ್ಡೋನಾಗ್ಬುಟ್ಟ," ಎಂದರು ಭಾವ. "ತಬಲಕ್ಕೆ ಎಲ್ಲಿ ಇಡ್ತೀಯಪ್ಪ? ಏಟು ಬಿದ್ದೀತು ನೋಡ್ಕೊ."

ಮಧ್ಯಾಹ್ನ ಊಟ ಮುಗಿಸಿ ಕೂತೆವು. ಕೆಂಪು ದೀಪ ಹತ್ತಿತು. ಒಮ್ಮೆ ಶುರುವಾದದ್ದನ್ನು ನಿಲ್ಲಿಸಿದರೆ ಮತ್ತೆ ಶುರುವಾಗುತ್ತದೋ ಇಲ್ಲವೋ ಎಂಬ ಹೆದರಿಕೆಯಿಂದ, ಪದ ಪದಗಳ ನಡುವೆಯೂ ಅದನ್ನು ಓಡಲು ಬಿಟ್ಟಿದ್ದೆ. ಆರು ಪದ ಆದವು. ನಡುವೆ ಎರಡು ಸಲ ತಂತಿ ಶ್ರುತಿ ಮಾಡಿಕೊಂಡೆ. ಭಾವ ಆವತ್ತು ಯಾಕೋ ಮೆತ್ತಗೆ ನುಡಿಸುತ್ತಿದ್ದಾರೆ ಅನ್ನಿಸಿತು. ಮೈಕಿಗೆ ಹೆದರಿರಬೇಕು ಎಂದುಕೊಂಡೆ.

ಮುಗಿದ ಮೇಲೆ ಭಾವ ಹೂ ಬಿಡಿಸುವವರನ್ನು ನೋಡಲು ತೋಟಕ್ಕೆ ಹೋದರು. ಅಕ್ಕ ಕಾಫಿಗೆ ಇಡಲು ಒಳಗೆ ಹೋದಳು. ನಾನು ಯಂತ್ರ ತೆಗೆದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು ಮೊದಲ ಬಟನ್ ಒತ್ತಿದೆ. ಪಿಟೀಲು ಮಾತ್ರ. ಮೊದಲ ಸಾಲಿಗೇ ಮುಖ ಬಿಸಿಯಾಯಿತು. ಪಂಚಮ ಹತ್ತುವಲ್ಲೆಲ್ಲ ಬೆರಳು ಒಂದೆಳೆ ಕೆಳಗೆ ನಿಂತಿತ್ತು. ಅಕ್ಕ ತಿರುವು ತೆಗೆದುಕೊಂಡಲ್ಲಿ ನಾನು ಹಿಂದುಳಿದು, ಓಡಿ ಬಂದು ಸೇರಿಕೊಂಡಿದ್ದೆ. ಅದು ಹೊಸದಾಗಿ ಕಲಿಯುವವನ ಪಿಟೀಲಿನ ಹಾಗಿತ್ತು. ಇಷ್ಟು ವರ್ಷ ಪಳಗಿದ ಕೈ ಮೂರು ತಿಂಗಳಲ್ಲಿ ಹೀಗಾಯಿತೇ ಎಂದು ಗಾಬರಿಯಾಗಿ, ಅದನ್ನು ಅರ್ಧಕ್ಕೆ ಮುಚ್ಚಿ ಅಕ್ಕನ ದನಿಯ ಬಟನ್ ಒತ್ತಿದೆ. ಸಮಾಧಾನಕ್ಕೆ.

ಅಕ್ಕನ ದನಿ ಚೆನ್ನಾಗಿ ಬಂದಿತ್ತು. ಮೂರನೇ ಪದ ಮುಗಿಯಿತು. ಹಿನ್ನೆಲೆಯಲ್ಲಿ ನಾನು ಬಲಗಿವಿಯನ್ನು ತಂತಿಯ ಹತ್ತಿರಕ್ಕೆ ಬಾಗಿಸಿ ಮೀಟುತ್ತ ಶ್ರುತಿ ಮಾಡುವ ಸದ್ದು. ಅದರ ಮುಂದೆ, ಮೈಕಿಗೆ ತೀರ ಹತ್ತಿರದಲ್ಲಿ, ಅಕ್ಕ ಪಿಸುಮಾತಿನಲ್ಲಿ ಹೇಳುತ್ತಿದ್ದಳು.

"ಎಡಗಡೆ ಕಿವಿ ಕೇಳುಸ್ತಾ ಇಲ್ಲ ಕಣ್ರೀ ಅವ್ನಿಗೆ. ನೋಡ್ಲಿಲ್ವಾ, ನಾನಿಲ್ಲಿಂದ ಕರುದ್ರೆ ಬಾಗ್ಲು ಕಡೆ ನೋಡ್ತಾನೆ."

ಭಾವನ ದನಿ, ಸ್ವಲ್ಪ ದೂರದಿಂದ, ಅದೂ ಪಿಸುಮಾತಿನಲ್ಲಿ: "ಕೇಳ್ಬುಡ್ಲಾ?"

"ಬ್ಯಾಡ. ಹೆದ್ರುಕೊಂಡವ್ನೆ. ಅವ್ನಾಗೇ ಹೇಳ್ಲಿ ಬಿಡಿ. ನೀವು ತಬಲ ಒಸಿ ಮೆತ್ತುಗ್ ನುಡ್ಸಿ, ಅವ್ನ್ ಪಿಟೀಲು ಅವ್ನಿಗೆ ಕೇಳ್ಲಿ."

ಆಮೇಲೆ ಹಾರ್ಮೋನಿಯಂ ತಿದಿಯ ಉಸಿರು, ನಾಲ್ಕನೇ ಪದ.

ನನ್ನಿಂದ ಒಂದು ಮೊಳ ದೂರದಲ್ಲಿ ಕೂತು ಅವಳು ಹೇಳಿದ್ದಳು. ನನಗೆ ಕೇಳಿರಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಮೊದಲು ಬಂದದ್ದು ಸಿಟ್ಟು. ಅದರ ಹಿಂದೆಯೇ ಇನ್ನೊಂದು ಭಯ ಬಂತು. ಇನ್ನೂ ಎಷ್ಟು ಜನ, ನನ್ನ ಎಡಗಡೆ ನಿಂತು, ಏನೇನು ಹೇಳಿರಬಹುದು? ಶಾಲೆಯ ಮಕ್ಕಳು? ಸ್ಟಾಫ್ ರೂಮಿನವರು? ಎಲ್ಲರಿಗೂ ಗೊತ್ತಿದ್ದು ನಾನೊಬ್ಬನೇ ಬಚ್ಚಿಟ್ಟುಕೊಂಡಿದ್ದೇನೆ ಎಂದು ನಂಬಿಕೊಂಡು ಓಡಾಡುತ್ತಿದ್ದೇನೆಯೇ?

ಭುಜ ಮುಟ್ಟಿದಾಗ ಬೆಚ್ಚಿಬಿದ್ದೆ. ಅಕ್ಕ, ಕಾಫಿ ಲೋಟ ಹಿಡಿದು ನನ್ನ ಎಡಕ್ಕೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕರೆದಿದ್ದಳೋ. ನನ್ನ ಮುಖ ನೋಡಿ ಲೋಟ ಕೆಳಗಿಟ್ಟಳು. ನಾನು ಹೆಡ್‌ಫೋನನ್ನು ಅವಳ ತಲೆಗೆ ಹಾಕಿ ಆ ಜಾಗವನ್ನೇ ಹಾಕಿದೆ. ಅವಳು ಕೇಳುತ್ತ ಕೇಳುತ್ತ ಬಾಯಿಗೆ ಸೆರಗು ಒತ್ತಿಕೊಂಡಳು.

"ಯಾವಾಗ ಗೊತ್ತಾಯ್ತಕ್ಕ?"

ಅವಳು ಸುತ್ತಿ ಬಂದು ನನ್ನ ಬಲಗಡೆ ಕೂತಳು. "ಹೋದ್ ತಿಂಗ್ಳು ಬಂದಾಗ್ಲೇ. ಚಿಕ್ಕೋನಿದ್ದಾಗಿಂದ ನಿನ್ ಪಿಟೀಲು ಕೇಳಿದೀನಿ ಕಣೋ, ನಂಗ್ ಗೊತ್ತಾಗಲ್ವ? ಕೇಳುದ್ರೆ ನೀನು ಬರೋದೇ ಬಿಟ್ಬುಡ್ತೀಯೇನೋ ಅಂತ ಸುಮ್ಕಿದ್ದೆ. ಬಸ್ಸಿಳಿದು ಆಟೋ ಬರೋ ಹೊತ್ಗೆ ಬಾಗ್ಲಲ್ಲೇ ನಿಂತಿದ್ದೆ, ಈ ಸಲ ಬತ್ತಾನೋ ಇಲ್ವೋ ಅಂತ. ನಂಗೂ ಭಯ ಕಣಪ್ಪ."

ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ, ಬಲಗಿವಿಯ ಮಾತೂ ಸೇರಿ. ಹೇಳುತ್ತ ಅತ್ತುಬಿಟ್ಟೆ. ಭಾವ ಹೂವಿನ ಬುಟ್ಟಿ ಹೊತ್ತು ಬಂದವರು ನಮ್ಮಿಬ್ಬರನ್ನು ನೋಡಿ, ಕೈಕಾಲು ತೊಳೆದು ಬಂದು ಕೆಳಗೆ ಕೂತರು. ಅಕ್ಕ ಹೇಳಿದ್ದನ್ನೆಲ್ಲ ಕೇಳಿ, "ಹಂಗಾರೆ ಕೂರೋ ಜಾಗ ಬದ್ಲಾಯ್ಸಾನ," ಎಂದರು. "ನಿಮ್ಮಕ್ಕ ಬಲಗಡೀಕೆ ಬರ್ಲಿ. ನಾನು ಎದುರ್ಗೆ ಕೂರ್ತೀನಿ."

ಆವತ್ತೇ ಕೂತು ನೋಡಿದೆವು. ನಾಲ್ಕು ಮೈಕಿನ ಯಂತ್ರದಿಂದ ಒಂದು ಸಣ್ಣ ಇಯರ್‌ಫೋನ್ ಬಲಗಿವಿಗೆ ಹಾಕಿಕೊಂಡು, ಅದರಲ್ಲಿ ನನ್ನ ಪಿಟೀಲನ್ನು ಮಾತ್ರ ಸಣ್ಣಗೆ ಬಿಟ್ಟುಕೊಂಡೆ. ತಕ್ಷಣ ಸರಿಹೋಯಿತು ಎಂದರೆ ಸುಳ್ಳು. ಎರಡನೇ ಪದದ ನಡುವೆ ಪಂಚಮ ಮುಟ್ಟಿದಾಗ ಅಕ್ಕ ತಲೆಯಾಡಿಸಿದಳು, ಅಷ್ಟೇ. ಮಿಕ್ಕಿದ್ದು ಒಂದು ವರ್ಷ ಹಿಡಿಯಿತು. ಪ್ರತಿ ಸಲ ರೆಕಾರ್ಡ್ ಮಾಡಿ, ನನ್ನ ಮೈಕಿನದನ್ನು ಮಾತ್ರ ಹಾಕಿ, ಎಲ್ಲಿ ಜಾರಿದೆ ಎಂದು ಮೂವರೂ ಕೇಳುತ್ತಿದ್ದೆವು. ಹೆಡ್‌ಮೇಷ್ಟರಿಗೂ ಹೇಳಿದೆ. ಅವರು ತರಗತಿಯಲ್ಲಿ ಬೆಂಚುಗಳನ್ನು ನನ್ನ ಬಲಕ್ಕೆ ಹಾಕಿಸಿಕೊಟ್ಟರು. ಶ್ರಾವಣದಲ್ಲಿ ಅಕ್ಕನ ಊರಿನ ಗುಡಿಯಲ್ಲಿ ನುಡಿಸಿದೆ. ತಪ್ಪುಗಳಾದವು. ಯಾರೂ ಎದ್ದು ಹೋಗಲಿಲ್ಲ.

ಭಯ ಹೋಗಿದೆಯೇ ಎಂದರೆ ಇಲ್ಲ. ಮೊನ್ನೆ ಬಳ್ಳಾರಿಗೆ ಪರೀಕ್ಷೆಗೆ ಹೋದಾಗ ಅಕ್ಕನೂ ಜೊತೆಗೆ ಬಂದಿದ್ದಳು. ಗಾಜಿನ ಕೋಣೆಯಲ್ಲಿ ಸದ್ದು ಕೇಳಿದಾಗಲೆಲ್ಲ ಒಂದು ಬಟನ್ ಒತ್ತಬೇಕು. ಸದ್ದು ಸಣ್ಣಗಾಗುತ್ತ ಹೋಗುತ್ತದೆ. ಎಲ್ಲಿ ತಪ್ಪಿಹೋಯಿತೋ ಎಂಬ ಗಾಬರಿಯಲ್ಲಿ ನಾನು ಕೇಳದಿದ್ದರೂ ಒತ್ತುತ್ತಿದ್ದೆ. ಪರೀಕ್ಷೆ ಮಾಡುವ ಹೆಣ್ಣುಮಗಳು ಬಾಗಿಲು ತೆರೆದು ತಲೆ ಹಾಕಿದಳು.

"ಸರ್, ನಾನಿನ್ನೂ ಸೌಂಡೇ ಹಾಕಿಲ್ಲ, ನೀವು ಒತ್ತಾಕತ್ತೀರಿ. ಗಾಬ್ರಿ ಆಗ್ಬ್ಯಾಡ್ರಿ. ಮತ್ತೊಂದ್ಸಲ ಮಾಡಾಣ."

ಎರಡನೇ ಸಲ ಕಣ್ಣು ಮುಚ್ಚಿ ಕೂತೆ. ಕೇಳಿದ್ದಕ್ಕೆ ಮಾತ್ರ ಒತ್ತಿದೆ. ಬಲಗಿವಿ ಹೋದ ಸಲ ಇದ್ದ ಹಾಗೇ ಇದೆ ಎಂದು ಡಾಕ್ಟರು ಕಾಗದ ತೋರಿಸಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ ಎದ್ದು ನನ್ನ ಬಲಕ್ಕೆ ಬಂದು ನಿಂತಳು.

"ಹೆಂಗೈತಂತೆ?"

"ಹಂಗೇ ಐತಂತೆ."

ಅವಳು ನನ್ನ ಕೈಯಿಂದ ಕಾಗದ ಇಸಿದುಕೊಂಡು, ಓದಲು ಬಾರದ ಆ ಗೆರೆಗಳನ್ನು ಬೆರಳಿಟ್ಟು ಒಂದೊಂದೇ ನೋಡುತ್ತ ನಿಂತಳು. ಆಮೇಲೆ ಮಡಿಚಿ ತನ್ನ ಚೀಲದೊಳಗೆ ಇಟ್ಟುಕೊಂಡು, "ಆರು ತಿಂಗ್ಳಿಗೆ ಇನ್ನೊಂದ್ಸಲ ಬರಾನ. ಈಗ ಏನಾರ ತಿನ್ನಾನ ನಡಿ, ಬೆಳಿಗ್ಗೆಯಿಂದ ನನ್ಗೆ ಏನೂ ಸೇರಿಲ್ಲ," ಎಂದಳು.